ಮನೆಯ ಸರ್ವರ್‌ಗೆ ಯಾವ ಓಎಸ್?

2021ರ ಜೂನ್ ತಿಂಗಳಲ್ಲಿ ಎರಡು ಸಂಗತಿಗಳು ನಡೆದವು. ಜೂನ್ 1ರಂದು ಗೂಗಲ್ ಫೋಟೋಸ್ ತನ್ನ ಉಚಿತ, ಮಿತಿಯಿಲ್ಲದ ಸಂಗ್ರಹವನ್ನು ನಿಲ್ಲಿಸಿತು. ಅಂದಿನಿಂದ ಹೊಸ ಫೋಟೊಗಳೆಲ್ಲ ಜಿಮೇಲ್, ಡ್ರೈವ್‌ಗಳ ಜತೆ ಹಂಚಿಕೊಳ್ಳಬೇಕಾದ 15 ಜಿಬಿ ಲೆಕ್ಕಕ್ಕೆ ಬಿದ್ದವು. ಅದೇ ತಿಂಗಳ 23, 24ರ ಹೊತ್ತಿಗೆ, ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಎಂಬ ಸಂಗ್ರಹ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಂಡಿದ್ದ ಎಷ್ಟೋ ಜನ ಎದ್ದು ನೋಡಿದರೆ ಒಳಗೆ ಏನೂ ಇರಲಿಲ್ಲ. ಮಕ್ಕಳ ಫೋಟೊ, ಮದುವೆಯ ವಿಡಿಯೊ, ವರ್ಷಗಟ್ಟಲೆ ಕೂಡಿಟ್ಟ ಕಡತ ಎಲ್ಲ ಖಾಲಿ. ಯಾರೋ ದೂರದಿಂದ, ಇಂಟರ್‌ನೆಟ್ ಮೂಲಕ ಆ ಪೆಟ್ಟಿಗೆಗಳಿಗೆ ‘ಫ್ಯಾಕ್ಟರಿ ರೀಸೆಟ್’ ಆಗುವಂತೆ ಆದೇಶ ಕೊಟ್ಟಿದ್ದರು. ಆಮೇಲೆ ಪರಿಣತರು ಬಿಚ್ಚಿ ನೋಡಿದಾಗ, ರೀಸೆಟ್‌ಗೆ ಮುಂಚೆ ಪಾಸ್‌ವರ್ಡ್ ಕೇಳಬೇಕಾದ ಸಾಲುಗಳು ಅದರ ತಂತ್ರಾಂಶದಲ್ಲಿ ಇದ್ದವು. ಆದರೆ ಅವುಗಳನ್ನು ಕಾಮೆಂಟ್ ಮಾಡಿ ಕೆಲಸ ಮಾಡದಂತೆ ಬಿಡಲಾಗಿತ್ತು.

ಈ ಪೆಟ್ಟಿಗೆ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಕಂಪನಿ ಅದಕ್ಕೆ ಕೊನೆಯ ಅಪ್‌ಡೇಟ್ ಕೊಟ್ಟದ್ದು 2015ರಲ್ಲಿ. ಅಂದರೆ ಆರು ವರ್ಷ ಆ ಪೆಟ್ಟಿಗೆಯ ಸಾಫ್ಟ್‌ವೇರ್‌ ಅನ್ನು ಕೇಳುವವರೇ ಇರಲಿಲ್ಲ. ಡಿಸ್ಕ್ ಚೆನ್ನಾಗಿತ್ತು, ದೀಪ ಉರಿಯುತ್ತಿತ್ತು. ಹಾಗಾಗಿ ಮನೆಯವರಿಗೆ ಯಾವ ಅನುಮಾನವೂ ಬಂದಿರಲಿಲ್ಲ.

ಮೊದಲ ಸಂಗತಿ ಸಾವಿರಾರು ಜನರನ್ನು ‘ನಮ್ಮ ಫೋಟೊ ನಮ್ಮ ಮನೆಯಲ್ಲೇ ಇರಲಿ’ ಎಂಬ ಯೋಚನೆಗೆ ತಂದಿತು. ಹಾಗೆ ಮನೆಯಲ್ಲಿ ಇಟ್ಟುಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಯಾವುದನ್ನು ನೋಡಬೇಕು ಎಂಬುದನ್ನು ಎರಡನೆಯದು ತೋರಿಸಿಕೊಟ್ಟಿತು. ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಆ ಯಂತ್ರದ ಮೇಲೆ ಕೂರುವ ಆಪರೇಟಿಂಗ್ ಸಿಸ್ಟಂಗೆ ಇನ್ನೆಷ್ಟು ವರ್ಷ ದುರಸ್ತಿ ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ.

ಹೋಮ್ ಸರ್ವರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ದಿನದ 24 ಗಂಟೆಯೂ ಚಾಲೂ ಇರುವ, ಮಾನಿಟರು ಕೀಬೋರ್ಡುಗಳಿಲ್ಲದೆ ರೂಟರ್ ಪಕ್ಕದಲ್ಲಿ ಕೂರುವ ಒಂದು ಕಂಪ್ಯೂಟರ್. ಮನೆಮಂದಿಯ ಫೋನುಗಳಿಂದ ಫೋಟೊಗಳು ತಾವಾಗಿ ಅದಕ್ಕೆ ಬಂದು ಸೇರುವಂತೆ ‘ಇಮ್ಮಿಚ್’ ಹಾಕಬಹುದು. ಸಿನಿಮಾ, ಹಾಡುಗಳನ್ನು ಟಿವಿಗೆ ಕಳಿಸಲು ‘ಜೆಲ್ಲಿಫಿನ್’, ಕಡತಗಳಿಗೆ ‘ನೆಕ್ಸ್ಟ್‌ಕ್ಲೌಡ್’, ಜಾಹೀರಾತು ತಡೆಯಲು ‘ಪೈ-ಹೋಲ್’ ಇವೆ. ಎಲ್ಲವೂ ಉಚಿತ, ಎಲ್ಲದರ ಸೋರ್ಸ್ ಕೋಡ್ ಯಾರು ಬೇಕಾದರೂ ಓದಬಹುದು.

ಯಂತ್ರಕ್ಕೂ ಈಗ ಬರವಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದರ ಮೇಲಿನ ಪ್ರೊಸೆಸರೇ ಬೇಕು. ಆ ಗೆರೆಯ ಕೆಳಗೆ ಉಳಿದ, ಇನ್ನೂ ಗಟ್ಟಿಮುಟ್ಟಾಗಿರುವ ಕಚೇರಿಯ ಕಂಪ್ಯೂಟರುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತಿವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೀಟ್‌ಡೆಸ್ಕ್ ಮಿನಿ ಎಂದು ಕೇಳಿದರೆ ಅಂಗಡಿಯವರಿಗೆ ತಕ್ಷಣ ಅರ್ಥವಾಗುತ್ತದೆ. ಗೇಣಗಲದ, ದಪ್ಪ ಪುಸ್ತಕದಷ್ಟು ದಪ್ಪದ ಈ ಪೆಟ್ಟಿಗೆಗಳು ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ.

ಯಂತ್ರ ಮನೆಗೆ ಬಂದ ಮೇಲೆ ಅದಕ್ಕೆ ಯಾವ ಓಎಸ್ ಹಾಕುವುದು ಎಂಬಲ್ಲಿ ಬಹಳ ಜನ ತಿಂಗಳುಗಟ್ಟಲೆ ತೊಳಲಾಡುತ್ತಾರೆ. ಯೂಟ್ಯೂಬ್ ನೋಡಿದಷ್ಟೂ ಗೊಂದಲ ಜಾಸ್ತಿ. ಡೆಬಿಯನ್, ಉಬುಂಟು, ಪ್ರಾಕ್ಸ್‌ಮಾಕ್ಸ್, ಟ್ರೂನ್ಯಾಸ್, ಅನ್‌ರೇಡ್, ಓಪನ್‌ಮೀಡಿಯಾವಾಲ್ಟ್, ಫ್ರೀಬಿಎಸ್‌ಡಿ, ನಿಕ್ಸ್‌ಓಎಸ್... ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ. ಆದರೆ ಹೊಗಳುವುದು ಹೆಚ್ಚಾಗಿ ಸವಲತ್ತುಗಳನ್ನು. 2013ರಲ್ಲಿ ಡಾಕರ್ ಬಂದ ಮೇಲೆ ಸವಲತ್ತುಗಳ ವ್ಯತ್ಯಾಸ ಬಹುಪಾಲು ಅಳಿಸಿಹೋಗಿದೆ. ಇಮ್ಮಿಚ್ ಆಗಲಿ ಜೆಲ್ಲಿಫಿನ್ ಆಗಲಿ ತನಗೆ ಬೇಕಾದ ಸಾಮಾನನ್ನೆಲ್ಲ ಕಂಟೇನರ್ ಒಳಗೆ ಹೊತ್ತುಕೊಂಡೇ ಬರುತ್ತದೆ. ಕೆಳಗಿನ ಲಿನಕ್ಸ್ ಯಾವುದಾದರೂ ಅದು ಒಂದೇ ರೀತಿ ನಡೆಯುತ್ತದೆ. ಹಾಗಿದ್ದ ಮೇಲೆ ಓಎಸ್‌ನಿಂದ ನಾವು ಬಯಸಬೇಕಾದದ್ದು ಹೊಸತನವನ್ನಲ್ಲ. ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಎಲ್ಲಿಯವರೆಗೆ ನೋಡಿಕೊಳ್ಳುತ್ತಾರೆ, ಪೆಟ್ಟಿಗೆ ಸುಟ್ಟುಹೋದರೆ ಅದರ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಓದಬಹುದೇ ಎಂಬುದನ್ನು ಕೇಳಬೇಕು. ನನ್ನ ಮಟ್ಟಿಗೆ ಉಳಿದ ಪ್ರಶ್ನೆಗಳೆಲ್ಲ ಇವುಗಳ ಹಿಂದೆ.

ಯಜಮಾನರು ಯಾರು?

ಸೆಂಟ್‌ಓಎಸ್ ಕತೆಯನ್ನು ಇಲ್ಲಿ ಹೇಳಲೇಬೇಕು. ರೆಡ್‌ಹ್ಯಾಟ್ ಕಂಪನಿ ದೊಡ್ಡ ಸಂಸ್ಥೆಗಳಿಗೆ ಮಾರುವ ಲಿನಕ್ಸ್‌ನ ಸೋರ್ಸ್ ಕೋಡಿನಿಂದಲೇ ಕಟ್ಟಿದ, ಹಣ ಕೊಡಬೇಕಿಲ್ಲದ ಲಿನಕ್ಸ್ ಅದು. ಹತ್ತು ವರ್ಷ ದುರಸ್ತಿ ಸಿಗುತ್ತದೆ ಎಂಬ ಭರವಸೆಯ ಮೇಲೆ ಕಾಲೇಜು, ಆಸ್ಪತ್ರೆ, ಸಣ್ಣ ಕಂಪನಿ, ಮನೆಯ ಸರ್ವರ್ ಎಲ್ಲ ಕಡೆ ಅದನ್ನು ಹಾಕಿಕೊಂಡಿದ್ದರು. 2019ರ ಸೆಪ್ಟೆಂಬರಿನಲ್ಲಿ ಸೆಂಟ್‌ಓಎಸ್ 8 ಬಂದಾಗ 2029ರವರೆಗೆ ನಿಶ್ಚಿಂತೆ ಎಂದೇ ಎಲ್ಲರೂ ಅಂದುಕೊಂಡರು. 2020ರ ಡಿಸೆಂಬರ್ 8ರಂದು ಪ್ರಕಟಣೆ ಹೊರಬಿತ್ತು: ಸೆಂಟ್‌ಓಎಸ್ 8ಕ್ಕೆ ದುರಸ್ತಿ 2021ರ ಕೊನೆಗೇ ಮುಗಿಯುತ್ತದೆ. ಉಳಿದಿದ್ದ ಎಂಟು ವರ್ಷದ ಮಾತು ಒಂದೇ ವರ್ಷಕ್ಕೆ ಇಳಿಯಿತು. ಸೆಂಟ್‌ಓಎಸ್ ಸಂಸ್ಥಾಪಕರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ಕೂಡಲೇ ಬದಲಿ ಯೋಜನೆ ಶುರು ಮಾಡಿ, ತೀರಿಹೋಗಿದ್ದ ಜತೆಗಾರ ರಾಕಿ ಮೆಕ್‌ಗಾ ಅವರ ನೆನಪಿಗೆ ಅದಕ್ಕೆ ರಾಕಿ ಲಿನಕ್ಸ್ ಎಂದು ಹೆಸರಿಟ್ಟರು. ಆಲ್ಮಾಲಿನಕ್ಸ್ ಕೂಡ ಆಗಲೇ ಹುಟ್ಟಿದ್ದು. ಎರಡೂ ಇಂದಿಗೂ ಚೆನ್ನಾಗಿ ನಡೆಯುತ್ತಿವೆ, ಕಚೇರಿಯಲ್ಲಿ ರೆಡ್‌ಹ್ಯಾಟ್ ಕೆಲಸ ಮಾಡುವವರು ಮನೆಯಲ್ಲಿ ಇವುಗಳಲ್ಲೊಂದನ್ನು ಬಳಸಿದರೆ ತಪ್ಪಿಲ್ಲ. ಆದರೆ ಒಂದು ಕಂಪನಿಯ ವ್ಯಾಪಾರದ ಲೆಕ್ಕಾಚಾರ ಬದಲಾದರೆ ಉಚಿತವಾಗಿ ಸಿಗುವ ಓಎಸ್‌ನ ಆಯುಷ್ಯವೂ ಬದಲಾಗುತ್ತದೆ ಎಂಬುದನ್ನು ಆ ಡಿಸೆಂಬರ್ ತೋರಿಸಿತು.

ಮೈಕ್ರೋಸಾಫ್ಟ್ ಕೂಡ ಒಮ್ಮೆ ಈ ದಾರಿಗೆ ಬಂದಿತ್ತು. 2007ರಲ್ಲಿ ಬಿಲ್ ಗೇಟ್ಸ್ ಸ್ವತಃ ವೇದಿಕೆಯ ಮೇಲೆ ವಿಂಡೋಸ್ ಹೋಮ್ ಸರ್ವರ್ ಘೋಷಿಸಿದರು. ಎರಡನೇ ಆವೃತ್ತಿ 2011ರಲ್ಲಿ ಬಂತು, ಮೂರನೆಯದು ಬರಲೇ ಇಲ್ಲ; 2016ರ ಏಪ್ರಿಲಿನಲ್ಲಿ ಬೆಂಬಲವೂ ಮುಗಿಯಿತು. ಆಪಲ್ ತನ್ನ ಮ್ಯಾಕ್‌ಓಎಸ್ ಸರ್ವರ್ ಅನ್ನು 2022ರ ಏಪ್ರಿಲಿನಲ್ಲಿ ನಿಲ್ಲಿಸಿತು. ಸಿದ್ಧ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಸಂಗ್ರಹ) ಪೆಟ್ಟಿಗೆ ಮಾರುವವರಲ್ಲೂ ಇದೇ ಅನಿಶ್ಚಿತತೆ ಇದೆ. 2025ರಲ್ಲಿ ಸೈನಾಲಜಿ ತನ್ನ ಹೊಸ ಪ್ಲಸ್ ಮಾದರಿಗಳಿಗೆ ತಾನು ಒಪ್ಪಿದ ಡಿಸ್ಕುಗಳನ್ನೇ ಹಾಕಬೇಕೆಂಬ ನಿರ್ಬಂಧ ತಂದು, ಬಳಕೆದಾರರು ಸಿಟ್ಟಿಗೆದ್ದ ಮೇಲೆ ಅದೇ ವರ್ಷ ಸಡಿಲಿಸಿತು.

ಎಲ್ಲದರ ಬೇರಿನಲ್ಲಿ ಡೆಬಿಯನ್

ಮೇಲೆ ಹೇಳಿದ ಹೆಸರುಗಳ ಪಟ್ಟಿಯನ್ನು ಸ್ವಲ್ಪ ಕೆದಕಿದರೆ ಕುತೂಹಲದ ಸಂಗತಿ ಕಾಣುತ್ತದೆ. ಉಬುಂಟು ಡೆಬಿಯನ್‌ನಿಂದ ಬಂದದ್ದು. ರಾಸ್‌ಬೆರಿ ಪೈ ಓಎಸ್ ಡೆಬಿಯನ್‌ನಿಂದ. ವಿಯೆನ್ನಾದ ಕಂಪನಿಯ ಪ್ರಾಕ್ಸ್‌ಮಾಕ್ಸ್ ಡೆಬಿಯನ್ ಮೇಲೆ ಕಟ್ಟಿದ್ದು. ಓಪನ್‌ಮೀಡಿಯಾವಾಲ್ಟ್ ಡೆಬಿಯನ್. ಈಗಿನ ಟ್ರೂನ್ಯಾಸ್ ಕೂಡ ಡೆಬಿಯನ್.

ಟ್ರೂನ್ಯಾಸ್ ಅಲ್ಲಿಗೆ ಬಂದ ದಾರಿ ಉದ್ದದ್ದು. ಫ್ರಾನ್ಸಿನ ಒಲಿವಿಯೆ ಕೊಶಾರ್ ಲಬ್ಬೆ 2005ರಲ್ಲಿ ಫ್ರೀಬಿಎಸ್‌ಡಿ ಆಧಾರದ ಮೇಲೆ ಫ್ರೀನ್ಯಾಸ್ ಶುರು ಮಾಡಿದರು. 2009ರಲ್ಲಿ, ಯೋಜನೆಯ ಮುಖ್ಯ ಡೆವಲಪರ್ ಫೋಲ್ಕರ್ ಥೈಲೆ ಇದನ್ನು ಡೆಬಿಯನ್ ಲಿನಕ್ಸ್ ಮೇಲೆ ಹೊಸದಾಗಿ ಬರೆಯಬೇಕು ಎಂದರು. ಫ್ರೀಬಿಎಸ್‌ಡಿ ಬಿಡಬಾರದು ಎನ್ನುವವರೂ ಇದ್ದರು. ಯೋಜನೆ ಒಡೆಯಿತು. ಫೋಲ್ಕರ್ ಬೇರೆಯಾಗಿ ಓಪನ್‌ಮೀಡಿಯಾವಾಲ್ಟ್ ಕಟ್ಟಿ 2011ರಲ್ಲಿ ಹೊರತಂದರು. ಫ್ರೀನ್ಯಾಸ್ ಅನ್ನು ಐಎಕ್ಸ್‌ಸಿಸ್ಟಮ್ಸ್ ಕಂಪನಿ ವಹಿಸಿಕೊಂಡು ಫ್ರೀಬಿಎಸ್‌ಡಿಯಲ್ಲೇ ಮುಂದುವರಿಸಿತು, ಮುಂದೆ ಅದರ ಹೆಸರು ಟ್ರೂನ್ಯಾಸ್ ಆಯಿತು. 2022ರಲ್ಲಿ ಅದೇ ಕಂಪನಿ ಡೆಬಿಯನ್ ಮೇಲೆ ಕಟ್ಟಿದ ‘ಟ್ರೂನ್ಯಾಸ್ ಸ್ಕೇಲ್’ ಬಿಡುಗಡೆ ಮಾಡಿತು. ಇವತ್ತು ಹೊಸ ಕೆಲಸವೆಲ್ಲ ಅದರ ಮೇಲೆಯೇ. ಹಳೆಯ ಫ್ರೀಬಿಎಸ್‌ಡಿ ಕವಲಿಗೆ ನಿರ್ವಹಣೆ ಮಾತ್ರ. 2009ರಲ್ಲಿ ಯಾವ ಪ್ರಶ್ನೆಗೆ ಯೋಜನೆ ಇಬ್ಭಾಗವಾಯಿತೋ ಅದೇ ಪ್ರಶ್ನೆಗೆ ಕೊನೆಗೆ ಎರಡೂ ಕವಲುಗಳು ಕೊಟ್ಟ ಉತ್ತರ ಒಂದೇ ಆಯಿತು.

ಡೆಬಿಯನ್ ಅನ್ನು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಘೋಷಿಸಿದ್ದು 1993ರ ಆಗಸ್ಟ್ 16ರಂದು. ಇದಕ್ಕೆ ಒಡೆಯರಾಗಿ ಒಂದು ಕಂಪನಿ ಇಲ್ಲ. ಜಗತ್ತಿನಾದ್ಯಂತ ಹರಡಿರುವ ಸ್ವಯಂಸೇವಕರು ಮತ ಹಾಕಿ ತಮ್ಮ ನಾಯಕರನ್ನು ವರ್ಷಕ್ಕೊಮ್ಮೆ ಆರಿಸುತ್ತಾರೆ. ಬಳಕೆದಾರರಿಗೆ ತಾವು ಏನೇನು ಬದ್ಧರು ಎಂಬುದನ್ನು 1997ರಲ್ಲೇ ‘ಸಾಮಾಜಿಕ ಒಪ್ಪಂದ’ವೆಂದು ಬರೆದಿಟ್ಟಿದ್ದಾರೆ. ಅವರ ವಾರ್ಷಿಕ ಸಮ್ಮೇಳನ 2023ರಲ್ಲಿ ನಮ್ಮ ಪಕ್ಕದ ಕೊಚ್ಚಿಯಲ್ಲಿ ನಡೆಯಿತು. ಮರ್ಡಾಕ್ 2015ರ ಡಿಸೆಂಬರಿನಲ್ಲಿ ತೀರಿಕೊಂಡರು. ಡೆಬಿಯನ್‌ನ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಹುಟ್ಟಿಸಿದವರು ಹೋದ ಮೇಲೂ ನಡೆಯುವ ವ್ಯವಸ್ಥೆಯೊಂದು ಅಲ್ಲಿದೆ. ಮಕ್ಕಳ ಬಾಲ್ಯದ ಫೋಟೊಗಳನ್ನು ಒಪ್ಪಿಸುವಾಗ ನನಗೆ ಬೇರೆಲ್ಲ ಸವಲತ್ತಿಗಿಂತ ಇದು ದೊಡ್ಡದಾಗಿ ಕಾಣುತ್ತದೆ.

ಸುಮಾರು ಎರಡು ವರ್ಷಕ್ಕೊಮ್ಮೆ ಡೆಬಿಯನ್‌ನ ‘ಸ್ಟೇಬಲ್’ ಆವೃತ್ತಿ ಬರುತ್ತದೆ. ಒಮ್ಮೆ ಬಂದ ಮೇಲೆ ಅದರೊಳಗಿನ ಪ್ಯಾಕೇಜುಗಳ ಆವೃತ್ತಿ ಬಹುಮಟ್ಟಿಗೆ ಹಾಗೇ ಇರುತ್ತದೆ. ತಪ್ಪು, ಭದ್ರತೆಯ ದೋಷಗಳನ್ನಷ್ಟೇ ಸರಿಪಡಿಸುತ್ತಾರೆ. ಹಳೆಯದಾಗಿದೆ ಎಂದು ಡೆಬಿಯನ್ ಬಗ್ಗೆ ದೂರು ಕೇಳಿಬರುವುದು ಇದಕ್ಕೇ. ಡೆಸ್ಕ್‌ಟಾಪ್ ಬಳಸುವವರಿಗೆ ಆ ದೂರು ಸರಿಯಿರಬಹುದು. ಸರ್ವರ್‌ಗೆ ಅದೇ ಒಳ್ಳೆಯ ಗುಣ. ಏಕೆಂದರೆ ಹೊಸತೆಲ್ಲ ಒಳ್ಳೆಯದೇ ಆಗಿರುವುದಿಲ್ಲ. 2024ರ ಮಾರ್ಚ್ ಕೊನೆಯ ವಾರ ಜಗತ್ತಿಗೆ ಅದು ಚೆನ್ನಾಗಿ ಗೊತ್ತಾಯಿತು.

ಅರ್ಧ ಸೆಕೆಂಡಿನ ಅನುಮಾನ

ಆಂಡ್ರೆಸ್ ಫ್ರೆಯುಂಡ್ ಎಂಬವರು ಮೈಕ್ರೋಸಾಫ್ಟ್‌ನಲ್ಲಿದ್ದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡುವ ಎಂಜಿನಿಯರ್. ಡೆಬಿಯನ್‌ನ ಪ್ರಯೋಗದ ಕವಲಾದ ‘ಸಿಡ್’ ಇದ್ದ ಯಂತ್ರದಲ್ಲಿ ಅವರು ವೇಗ ಅಳೆಯುತ್ತಿದ್ದರು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ) ಲಾಗಿನ್ ಆಗಲು ಮೊದಲಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಬೇರೆಯವರಾದರೆ ನೆಟ್‌ವರ್ಕ್ ನಿಧಾನ ಎಂದು ಬಿಟ್ಟುಬಿಡುತ್ತಿದ್ದರು. ಅವರು ಬೆನ್ನು ಹತ್ತಿದರು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಪುಟ್ಟ ಸಾಮಗ್ರಿಯ ಹೊಸ ಆವೃತ್ತಿಗಳಾದ 5.6.0 ಮತ್ತು 5.6.1ರಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಆ ಬಾಗಿಲಿನ ಕೀಲಿ ಇದ್ದವರು ಪಾಸ್‌ವರ್ಡೇ ಇಲ್ಲದೆ ಸರ್ವರ್ ಒಳಗೆ ಬರಬಹುದಿತ್ತು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದ ವ್ಯಕ್ತಿ, ಒಬ್ಬಂಟಿಯಾಗಿ ಆ ಯೋಜನೆ ನಡೆಸಿ ಸುಸ್ತಾಗಿದ್ದವರಿಗೆ ನೆರವಾಗುತ್ತ, ವರ್ಷಗಟ್ಟಲೆ ವಿಶ್ವಾಸ ಗಳಿಸಿ, ಜತೆ ನಿರ್ವಾಹಕನೂ ಆಗಿ, ಕೊನೆಗೆ ಇದನ್ನು ಸೇರಿಸಿದ್ದ.

ಮಾರ್ಚ್ 29ರಂದು ಫ್ರೆಯುಂಡ್ ಇದನ್ನು ಬಹಿರಂಗ ಮಾಡಿದಾಗ ಆ ಆವೃತ್ತಿಗಳು ಎಲ್ಲಿದ್ದವು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಡೆಬಿಯನ್‌ನ ಪ್ರಯೋಗದ ಕವಲುಗಳಲ್ಲಿ, ಫೆಡೋರಾದ ಮುಂಬರುವ ಆವೃತ್ತಿಯಲ್ಲಿ, ಓಪನ್‌ಸೂಸೆ ಟಂಬಲ್‌ವೀಡ್‌ನಲ್ಲಿ, ಆರ್ಚ್‌ನಲ್ಲಿ. ಅಂದರೆ ಹೊಸದು ಬಂದ ಕೂಡಲೇ ಒಳಗೆ ಬಿಟ್ಟುಕೊಳ್ಳುವ ಕಡೆಗಳಲ್ಲಿ. ಡೆಬಿಯನ್ ಸ್ಟೇಬಲ್‌ನಲ್ಲಿ ಎಕ್ಸ್‌ಜೆಡ್‌ನ ಹಳೆಯ 5.4 ಸರಣಿಯೇ ಇತ್ತು, ಅದನ್ನು ಹಾಕಿಕೊಂಡವರು ಏನೂ ಮಾಡಬೇಕಿರಲಿಲ್ಲ. ಆರ್ಚ್ ನನಗೂ ಇಷ್ಟ, ಲ್ಯಾಪ್‌ಟಾಪಿಗೆ ಸೊಗಸಾದದ್ದು. ಮೂಲೆಯಲ್ಲಿ ತಾನಾಗಿ ನಡೆಯಬೇಕಾದ ಯಂತ್ರಕ್ಕೆ ಸದಾ ಬದಲಾಗುವ ಅಂಥ ಓಎಸ್ ಬೇಡ.

ಹಾಕುವಾಗ ಗಮನಿಸಬೇಕಾದ್ದು

ಡೆಬಿಯನ್ ಹಾಕುವುದು ಕಷ್ಟ ಎಂಬ ಮಾತು ಹಳೆಯ ಕಾಲದ್ದು. ಮೊದಲು ವೈಫೈ, ಲ್ಯಾನ್ ಚಿಪ್‌ಗಳ ಫರ್ಮ್‌ವೇರನ್ನು ಬೇರೆ ಪೆನ್‌ಡ್ರೈವಿನಲ್ಲಿ ತಂದು ಕೊಡಬೇಕಾಗುತ್ತಿತ್ತು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಅದನ್ನು ಬದಲಿಸಿದರು. 12ನೇ ಆವೃತ್ತಿಯಿಂದ ಅವೆಲ್ಲ ಅಧಿಕೃತ ಇನ್‌ಸ್ಟಾಲರಿನಲ್ಲೇ ಬರುತ್ತವೆ. ಇಳಿಸಿಕೊಳ್ಳಬೇಕಾದ ನೆಟ್‌ಇನ್‌ಸ್ಟ್ ಕಡತ 1 ಜಿಬಿಗಿಂತ ಚಿಕ್ಕದು. ಗ್ರಾಫಿಕಲ್ ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೂ ಡೆಸ್ಕ್‌ಟಾಪ್ ಇಲ್ಲದ ಸರ್ವರ್‌ಗೆ ಇಂಗ್ಲಿಷನ್ನೇ ಆರಿಸಿಕೊಳ್ಳಿ ಎಂದು ಹೇಳುತ್ತೇನೆ. ಲಿನಕ್ಸ್‌ನ ಬರೀ ಅಕ್ಷರಗಳ ಕಪ್ಪು ಪರದೆಗೆ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸಲು ಬರುವುದಿಲ್ಲ.

ಎರಡು ಪರದೆಗಳಲ್ಲಿ ಮಾತ್ರ ನಿಂತು ಓದಬೇಕು. ರೂಟ್ ಪಾಸ್‌ವರ್ಡ್ ಕೇಳುವಲ್ಲಿ ಏನೂ ಬರೆಯದೆ ಖಾಲಿ ಬಿಟ್ಟರೆ, ಮುಂದೆ ನೀವು ಸೃಷ್ಟಿಸುವ ಬಳಕೆದಾರರಿಗೆ ‘ಸುಡೊ’ ಅಧಿಕಾರ ತಾನಾಗಿ ಸಿಗುತ್ತದೆ. ಕೊನೆಯಲ್ಲಿ ಯಾವ ಯಾವ ಸಾಫ್ಟ್‌ವೇರ್ ಬೇಕು ಎಂಬ ಪಟ್ಟಿ ಬಂದಾಗ ಡೆಸ್ಕ್‌ಟಾಪ್ ಮುಂದಿನ ಗುರುತು ತೆಗೆದು, ಎಸ್‌ಎಸ್‌ಎಚ್ ಸರ್ವರ್ ಮತ್ತು ಸ್ಟ್ಯಾಂಡರ್ಡ್ ಸಿಸ್ಟಂ ಯುಟಿಲಿಟೀಸ್ ಎರಡಕ್ಕೆ ಗುರುತು ಹಾಕಿ. ಅಷ್ಟಾದರೆ ಮಾನಿಟರ್ ಬಿಚ್ಚಿಡಬಹುದು.

ಯಂತ್ರ ಎದ್ದ ಮೇಲೆ ಮೊದಲ ಕೆಲಸ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಎಂಬ ಪ್ಯಾಕೇಜನ್ನು ಹಾಕಿ ಚಾಲೂ ಮಾಡುವುದು. ಭದ್ರತೆಯ ದುರಸ್ತಿಗಳನ್ನು ಅದು ದಿನವೂ ತಾನೇ ತಂದು ಹಾಕುತ್ತದೆ. ಆದರೆ ಕರ್ನಲ್ ಬದಲಾದಾಗ ರೀಬೂಟ್ ಆಗಬೇಕು, ಅದನ್ನು ಅದು ತಾನಾಗಿ ಮಾಡುವುದಿಲ್ಲ. ಅದರ ಸೆಟ್ಟಿಂಗ್ ಕಡತದಲ್ಲಿ ಆಟೊಮ್ಯಾಟಿಕ್ ರೀಬೂಟ್ ಎಂಬ ಸಾಲನ್ನು ಹೌದು ಎಂದು ಬದಲಿಸಿ, ಬೆಳಗಿನ ಜಾವದ ಹೊತ್ತು ಕೊಟ್ಟರೆ ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಮೈ ಬುಕ್ ಲೈವ್ ಪೆಟ್ಟಿಗೆಗೆ ಕೊನೆಯ ಆರು ವರ್ಷ ಸಿಗದೇ ಹೋದದ್ದು ಇದೇ ದುರಸ್ತಿ.

ಉಬುಂಟು ಸರ್ವರ್ ಆರಿಸಿಕೊಳ್ಳುವವರಿಗೂ ಇದೆಲ್ಲ ಅನ್ವಯಿಸುತ್ತದೆ. ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವ ಎಲ್‌ಟಿಎಸ್ ಆವೃತ್ತಿಗೆ ಐದು ವರ್ಷ ದುರಸ್ತಿ. ಸ್ವಂತ ಬಳಕೆಯ ಐದು ಯಂತ್ರಗಳವರೆಗೆ ಉಬುಂಟು ಪ್ರೊ ಉಚಿತ, ಅದನ್ನು ಸೇರಿಸಿದರೆ ಹತ್ತು ವರ್ಷ. ಅವಧಿ ಒಂದನ್ನೇ ನೋಡಿದರೆ ಉಬುಂಟುವೇ ಮುಂದೆ. ನಾನು ಡೆಬಿಯನ್ ಎನ್ನುವುದು ಆ ಹತ್ತು ವರ್ಷದ ಮಾತು ಕೊಟ್ಟಿರುವುದು ಒಂದು ಕಂಪನಿ ಎಂಬ ಕಾರಣಕ್ಕೆ. ಇನ್ನೊಂದು ಸಣ್ಣ ಸಂಗತಿ: ಉಬುಂಟು ಸರ್ವರಿನ ಇನ್‌ಸ್ಟಾಲರ್ ಹೇಳಿದಂತೆ ಎಂಟರ್ ಒತ್ತುತ್ತ ಹೋದರೆ ದೊಡ್ಡ ಡಿಸ್ಕಿನಲ್ಲೂ ಅದು ರೂಟ್‌ಗೆ ಕೊಡುವುದು 100 ಜಿಬಿ ಮಾತ್ರ, ಮಿಕ್ಕದ್ದನ್ನು ಹಂಚದೆ ಬಿಡುತ್ತದೆ. ಫೋಟೊ ತುಂಬಿ ಜಾಗ ಮುಗಿಯಿತು ಎಂಬ ಸಂದೇಶ ಬಂದಾಗ ಹೊಸ ಡಿಸ್ಕ್ ಕೊಳ್ಳಲು ಓಡುವವರಿದ್ದಾರೆ. ಹಾಕುವಾಗಲೇ ಆ ಪರದೆಯಲ್ಲಿ ಅಳತೆ ಬದಲಿಸಿ.

ಡಿಸ್ಕಿನ ಮಾತು

ಓಎಸ್ ಆರಿಸುವಾಗ ಫೈಲ್ ಸಿಸ್ಟಂ ಯಾವುದೆಂಬುದೂ ಜತೆಗೇ ತೀರ್ಮಾನವಾಗುತ್ತದೆ. ಡೆಬಿಯನ್ ತಾನಾಗಿ ಹಾಕುವ ಇಎಕ್ಸ್‌ಟಿ4 ಹಳೆಯದು, ಪಳಗಿದ್ದು. ಯಂತ್ರ ಸುಟ್ಟುಹೋದರೆ ಡಿಸ್ಕ್ ತೆಗೆದು ಯಾವುದೇ ಲಿನಕ್ಸ್‌ಗೆ ಸಿಕ್ಕಿಸಿ ಓದಬಹುದು. ಅದಕ್ಕೆ ಒಂದು ಕೊರತೆ ಇದೆ. ಡಿಸ್ಕಿನಲ್ಲಿ ಬರೆದಿಟ್ಟ ಬಿಟ್‌ಗಳು ಕಾಲಾಂತರದಲ್ಲಿ ಸದ್ದಿಲ್ಲದೆ ಕೆಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ, ಕೆಟ್ಟ ಫೋಟೊವನ್ನೇ ಓದಿ ಕೊಡುತ್ತದೆ.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಸೇರಿ 2001ರಲ್ಲಿ ಶುರು ಮಾಡಿದ ಜೆಡ್‌ಎಫ್‌ಎಸ್ ಇದನ್ನು ಬಗೆಹರಿಸಿತು. ಪ್ರತಿ ಬ್ಲಾಕಿಗೂ ಅದು ಒಂದು ಚೆಕ್‌ಸಮ್ ಬರೆದಿಡುತ್ತದೆ; ಓದುವಾಗ ತಾಳೆ ನೋಡುತ್ತದೆ; ತಾಳೆಯಾಗದಿದ್ದರೆ ಜೋಡಿ ಡಿಸ್ಕಿನಲ್ಲಿರುವ ಸರಿಯಾದ ಪ್ರತಿಯಿಂದ ದುರಸ್ತಿ ಮಾಡುತ್ತದೆ. ತಿಂಗಳಿಗೊಮ್ಮೆ ‘ಸ್ಕ್ರಬ್’ ಓಡಿಸಿದರೆ ಇಡೀ ಸಂಗ್ರಹವನ್ನು ಓದಿ ನೋಡಿ ವರದಿ ಕೊಡುತ್ತದೆ. ಇಪ್ಪತ್ತು ವರ್ಷದ ಫೋಟೊಗಳ ಮೇಲೆ ಸ್ಕ್ರಬ್ ಓಡಿ, ಕೊನೆಗೆ ದುರಸ್ತಿಯಾದದ್ದು 0 ಬೈಟ್, ದೋಷ 0 ಎಂಬ ಸಾಲು ಬಂದಾಗ ಸಿಗುವ ಸಮಾಧಾನ ದೊಡ್ಡದು. ಆದರೆ ಡಿಸ್ಕ್ ಒಂದೇ ಇದ್ದರೆ ಜೆಡ್‌ಎಫ್‌ಎಸ್ ಕೆಟ್ಟದ್ದನ್ನು ಗುರುತಿಸಬಹುದೇ ಹೊರತು ಸಾಮಾನ್ಯವಾಗಿ ಸರಿಪಡಿಸಲಾರದು. ಅದಕ್ಕೆ ಕನಿಷ್ಠ ಎರಡು ಡಿಸ್ಕು ಬೇಕು.

ಇಲ್ಲೊಂದು ಕಾನೂನಿನ ತೊಡಕೂ ಇದೆ. ಜೆಡ್‌ಎಫ್‌ಎಸ್‌ನ ಲೈಸೆನ್ಸ್ ಮತ್ತು ಲಿನಕ್ಸ್ ಕರ್ನಲ್‌ನ ಲೈಸೆನ್ಸ್ ಒಂದಕ್ಕೊಂದು ಹೊಂದುವುದಿಲ್ಲ ಎಂಬ ವಾದವಿದೆ. ಆದ್ದರಿಂದ ಡೆಬಿಯನ್ ಅದನ್ನು ಸೋರ್ಸ್ ರೂಪದಲ್ಲಿ ಕೊಡುತ್ತದೆ, ಕರ್ನಲ್ ಬದಲಾದಾಗಲೆಲ್ಲ ನಿಮ್ಮ ಯಂತ್ರವೇ ಅದನ್ನು ಮತ್ತೆ ಕಟ್ಟಿಕೊಳ್ಳಬೇಕು. ಉಬುಂಟು 2016ರಿಂದ ಸಿದ್ಧ ರೂಪದಲ್ಲೇ ಕೊಡುತ್ತಿದೆ. ಪ್ರಾಕ್ಸ್‌ಮಾಕ್ಸ್, ಟ್ರೂನ್ಯಾಸ್‌ಗಳಲ್ಲೂ ಸಿದ್ಧವಾಗಿ ಬರುತ್ತದೆ. ಹಾಗಾಗಿ ನಾಲ್ಕು ಡಿಸ್ಕ್ ಹಾಕಿ ಸಂಗ್ರಹವೇ ಮುಖ್ಯ ಎನ್ನುವವರು ಟ್ರೂನ್ಯಾಸ್ ಕಡೆ ಹೋಗುವುದು ಸರಿ. ಎರಡು ಷರತ್ತು ಗೊತ್ತಿರಲಿ: ಅದಕ್ಕೆ ಕನಿಷ್ಠ 8 ಜಿಬಿ ರ್‍ಯಾಮ್ ಬೇಕು, ಓಎಸ್ ಕೂತ ಡಿಸ್ಕಿನಲ್ಲಿ ನಿಮ್ಮ ಕಡತ ಇಡಲು ಅದು ಬಿಡುವುದಿಲ್ಲ. ಒಂದೋ ಎರಡೋ ಡಿಸ್ಕ್ ಹಿಡಿಯುವ ಪುಟ್ಟ ಪೆಟ್ಟಿಗೆಗೆ ಅದು ಹೊಂದುವುದಿಲ್ಲ. ಬೇರೆ ಬೇರೆ ಅಳತೆಯ ಹಳೆಯ ಡಿಸ್ಕುಗಳು ಮನೆಯಲ್ಲಿ ಬಿದ್ದಿದ್ದರೆ ಅನ್‌ರೇಡ್ ಚೆನ್ನಾಗಿದೆ. ಕಡತಗಳಿರುವ ಅದರ ಪ್ರತಿ ಡಿಸ್ಕನ್ನೂ ಬಿಡಿಯಾಗಿ ತೆಗೆದು ಓದಬಹುದು. ಆದರೆ ಅದಕ್ಕೆ ಹಣ ಕೊಡಬೇಕು, 2024ರಿಂದ ಅದರ ಕಡಿಮೆ ಬೆಲೆಯ ಲೈಸೆನ್ಸ್‌ಗಳಲ್ಲಿ ಅಪ್‌ಡೇಟ್ ಸಿಗುವುದು ಒಂದು ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಹಣ.

ಇವೆಲ್ಲ ಏನೇ ಇದ್ದರೂ ಜೋಡಿ ಡಿಸ್ಕ್ ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ ಆಲ್ಬಂ ಎರಡೂ ಡಿಸ್ಕುಗಳಿಂದ ಒಟ್ಟಿಗೇ ಅಳಿಸಿಹೋಗುತ್ತದೆ. ಇನ್ನೊಂದು ಪ್ರತಿ ಬೇರೆ ಮನೆಯಲ್ಲೋ ಬೇರೆ ಊರಿನಲ್ಲೋ ಇರಲೇಬೇಕು.

ಕರೆಂಟು ಮತ್ತು ಬಿಲ್ಲು

ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೂ 60 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 43 ಯೂನಿಟ್. ಪುಟ್ಟ ಪೆಟ್ಟಿಗೆ 10 ವ್ಯಾಟ್ ಆದರೆ ತಿಂಗಳಿಗೆ 7 ಯೂನಿಟ್ ಅಷ್ಟೆ. ಕರ್ನಾಟಕದಲ್ಲಿ ಈ ವ್ಯತ್ಯಾಸಕ್ಕೆ ಬೇರೆಯೇ ತೂಕವಿದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 180 ಯೂನಿಟ್ ಉರಿಸುವ ಮನೆಗೆ ಹಳೆಯ ಡೆಸ್ಕ್‌ಟಾಪನ್ನು ಸರ್ವರ್ ಮಾಡಿ ಇಟ್ಟರೆ ಗೆರೆ ದಾಟಿದಂತೆಯೇ. ಪುಟ್ಟ ಪೆಟ್ಟಿಗೆಯಾದರೆ ಗೆರೆಯೊಳಗೇ ಉಳಿಯುತ್ತದೆ. ಡೆಸ್ಕ್‌ಟಾಪ್ ಪರದೆ ಇಲ್ಲದ ಹಗುರ ಓಎಸ್ ಹಾಕಿದರೆ ಪ್ರೊಸೆಸರ್ ಹೆಚ್ಚು ಹೊತ್ತು ವಿಶ್ರಾಂತಿಯಲ್ಲಿರುತ್ತದೆ ಎಂಬುದೂ ಈ ಲೆಕ್ಕಕ್ಕೆ ಸೇರಲಿ.

ಕರೆಂಟು ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮನೆಯ ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿಟ್ಟರೆ ಕರೆಂಟು ಹೋದ ಕ್ಷಣ ಸರ್ವರ್ ಆರುವುದಿಲ್ಲ. ಆದರೆ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ಸಾಮಾನ್ಯ ಇನ್ವರ್ಟರ್ ಕಂಪ್ಯೂಟರಿಗೆ ಹೇಳುವುದಿಲ್ಲ. ಯುಎಸ್‌ಬಿ ಕೇಬಲ್ ಇರುವ ಸಣ್ಣ ಯುಪಿಎಸ್ ಒಂದನ್ನು ನಡುವೆ ಇಟ್ಟು, ಡೆಬಿಯನ್‌ನಲ್ಲಿ ‘ನಟ್’ ಎಂಬ ಸಾಮಗ್ರಿ ಹಾಕಿದರೆ, ಬ್ಯಾಟರಿ ಇಳಿದಾಗ ಅದು ತಾನಾಗಿ ಸರ್ವರನ್ನು ಕ್ರಮವಾಗಿ ಮುಚ್ಚುತ್ತದೆ. ಬಯಾಸ್‌ನಲ್ಲಿ ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನೂ ಮರೆಯದೆ ಹಾಕಿಕೊಳ್ಳಿ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಅಪ್ಪ–ಅಮ್ಮನ ಮನೆಯಲ್ಲಿ ಸರ್ವರ್ ಇಟ್ಟು, ತಾವು ಸಿಂಗಪುರದಲ್ಲೋ ಡಲ್ಲಾಸಿನಲ್ಲೋ ಇರುವ ಮಕ್ಕಳಿಗೆ ಈ ಒಂದು ಸೆಟ್ಟಿಂಗ್ ಎಷ್ಟೋ ಫೋನ್ ಕರೆಗಳನ್ನು ಉಳಿಸುತ್ತದೆ.

ದೂರದಿಂದ ಆ ಸರ್ವರನ್ನು ತಲುಪುವುದೂ ಈಗ ಸುಲಭ. ನಮ್ಮ ಅನೇಕ ಇಂಟರ್‌ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದರಿಂದ ಹೊರಗಿನಿಂದ ನೇರ ಬರಲು ಆಗುವುದಿಲ್ಲ. ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಎಂಬ ವಿಪಿಎನ್ 2020ರ ಮಾರ್ಚಿನಲ್ಲಿ ಲಿನಕ್ಸ್ ಕರ್ನಲ್‌ಗೇ ಸೇರಿತು. ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್‌ನಂಥ ಸೇವೆಗಳು ಈ ತೊಡಕನ್ನು ದಾಟಿಸುತ್ತವೆ. ರೂಟರಿನಲ್ಲಿ ಪೋರ್ಟ್ ತೆರೆದು ಸರ್ವರನ್ನು ಇಡೀ ಜಗತ್ತಿಗೆ ಒಡ್ಡಬೇಡಿ. 2022ರ ಜನವರಿಯಲ್ಲಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳನ್ನು ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ ಹಿಡಿದದ್ದು ಹಾಗೆ ಇಂಟರ್‌ನೆಟ್‌ಗೆ ನೇರ ತೆರೆದುಕೊಂಡಿದ್ದ ಮನೆಗಳಲ್ಲಿ, ಕಚೇರಿಗಳಲ್ಲಿ.

ಒಂದೇ ಯಂತ್ರದಲ್ಲಿ ನಾಲ್ಕಾರು ಓಎಸ್ ಓಡಿಸಿ ಕಲಿಯಬೇಕು ಎನ್ನುವ ವಿದ್ಯಾರ್ಥಿಗಳಿಗೆ, ಎಂಜಿನಿಯರುಗಳಿಗೆ ಪ್ರಾಕ್ಸ್‌ಮಾಕ್ಸ್‌ಗಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಕಲಿಯುವ ಯಂತ್ರವನ್ನೂ ಮನೆಯವರ ಫೋಟೊ ಇರುವ ಯಂತ್ರವನ್ನೂ ಬೇರೆ ಇಟ್ಟುಕೊಳ್ಳಿ. ನಿಕ್ಸ್‌ಓಎಸ್ ಬಹಳ ಸುಂದರವಾಗಿ ಕಟ್ಟಿದ ವ್ಯವಸ್ಥೆ. ಆದರೆ ನೀವು ಊರಲ್ಲಿ ಇಲ್ಲದಾಗ ಅದನ್ನು ರಿಪೇರಿ ಮಾಡಬಲ್ಲ ಇನ್ನೊಬ್ಬರು ನಿಮ್ಮ ಬೀದಿಯಲ್ಲಿ ಸಿಗುವುದು ಕಷ್ಟ. ಡೆಬಿಯನ್, ಉಬುಂಟು ಗೊತ್ತಿರುವ ಹುಡುಗರು ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಇದ್ದಾರೆ.

ಹೆಚ್ಚಿನ ಮನೆಗಳಿಗೆ ನನ್ನ ಸಲಹೆ ಡೆಬಿಯನ್ 13. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಈ ಆವೃತ್ತಿಗೆ ದೀರ್ಘಾವಧಿ ಬೆಂಬಲವೂ ಸೇರಿ 2030ರ ಜೂನ್ 30ರವರೆಗೆ ದುರಸ್ತಿ ಸಿಗುತ್ತದೆ. ಹಾಕಿದ ದಿನವೇ ಒಂದು ಹಾಳೆಯಲ್ಲಿ ಓಎಸ್‌ನ ಹೆಸರು, ಆವೃತ್ತಿ, ದುರಸ್ತಿ ಮುಗಿಯುವ ಈ ತಾರೀಖು, ಬ್ಯಾಕಪ್ ಇರುವ ಜಾಗ, ಪಾಸ್‌ವರ್ಡ್ ಎಲ್ಲಿ ಸಿಗುತ್ತದೆ ಎಂಬುದಿಷ್ಟನ್ನು ಬರೆದು, ಮನೆಯ ಕಾಗದಪತ್ರಗಳ ಜತೆ ಬೀರುವಿನಲ್ಲಿಡಿ. ಎಲ್ಲಿಟ್ಟಿದ್ದೀರಿ ಎಂಬುದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಡಿ.